ತೂಕ ಬಲ್ಲ ಲೈಲ್ ನೋಸ್ಕಿ ಯೂಟ್ ಕೊಂಡದ್ದು

ಆಸ್ಟ್ರೇಲಿಯಾದ ಡಿಂಬೂಲ ಎಂಬ ಊರಿನ ಮುಖ್ಯರಸ್ತೆಯಲ್ಲಿ ಅಂಚೆ ಕಚೇರಿಯ ಎದುರಿಗಿದ್ದ ಮಾಂಸದಂಗಡಿ ಲೈಲ್ ನೋಸ್ಕಿಯದು. ಅವನಿಗಿಂತ ಮೊದಲು ಅವನ ಅಪ್ಪನದು, ಅದಕ್ಕೂ ಮೊದಲು ತಾತನದು. ಆದರೆ ಲೈಲನನ್ನು ನೋಡಿದವರು ಯಾರೂ ಅವನು ಮಾಂಸ ತಿಂದು ಬೆಳೆದವನೆಂದು ಸಹ ಹೇಳುತ್ತಿರಲಿಲ್ಲ. ಬೇಲಿಯ ಗೂಟದ ಹಾಗೆ ಸಪೂರ, ಅಷ್ಟೇ ಉದ್ದ. ಏಪ್ರನ್ನಿನ ದಾರ ಸೊಂಟಕ್ಕೆ ಎರಡು ಸುತ್ತು ಬಂದು ಗಂಟು ಹಾಕಿದ ಮೇಲೂ ಮೊಣಕಾಲಿನ ತನಕ ಜೋತಾಡುತ್ತಿತ್ತು. ಅಡಿಲೇಡ್ ಕಡೆ ಹೋಗುವ ಪ್ರಯಾಣಿಕರು ಅಂಗಡಿಗೆ ಬಂದರೆ, ಕೌಂಟರಿನ ಹಿಂದೆ ನಿಂತ ಅವನನ್ನೇ ನೋಡಿ "ಅಂಗಡಿಯವರು ಇಲ್ವಾ?" ಎಂದು ಕೇಳುತ್ತಿದ್ದರು.

ಲೈಲನ ದೊಡ್ಡ ಆಸ್ತಿ ಅವನ ಕಣ್ಣು. ಹೊಲದಲ್ಲಿ ನಿಂತ ಹೋರಿಯನ್ನು ರಸ್ತೆಯಿಂದಲೇ ಒಂದು ಸಲ ನೋಡಿ ಇಂತಿಷ್ಟು ಕೆಜಿ ಎಂದು ಹೇಳಿಬಿಡುತ್ತಿದ್ದ. ಊರ ಕೃಷಿಮೇಳದಲ್ಲಿ ಹೋರಿಯ ತೂಕ ಊಹಿಸುವ ಸ್ಪರ್ಧೆಯಲ್ಲಿ ವರ್ಷಾ ವರ್ಷಾ ಅವನೇ ಗೆದ್ದು, ಬಹುಮಾನವನ್ನೆಲ್ಲ ಅವನೇ ಹೊತ್ತುಕೊಂಡು ಹೋಗಿ, ಕೊನೆಗೆ ಸಮಿತಿಯವರು "ಲೈಲ್, ನಿನ್ನ ದಮ್ಮಯ್ಯ, ಈ ಸಲದಿಂದ ನೀನು ಸುಮ್ನೆ ಕೇಕ್ ತಿಂದ್ಕೊಂಡು ಕೂತಿರು" ಎಂದು ಬೇಡಿಕೊಂಡಿದ್ದರು. ಹಂದಿ, ಕುರಿ, ಕುಂಬಳಕಾಯಿ, ಯಾವುದಾದರೂ ಸರಿ. ಕಣ್ಣು ಒಂದು ಸಲ ಬಿದ್ದರೆ ಮುಗಿಯಿತು.

ಇಂಥ ಕಣ್ಣಿನ ಗಂಡನ ಜೊತೆ ಸಂಸಾರ ಮಾಡುತ್ತಿದ್ದವಳು ಗ್ಲೆನಿಸ್. ದುಂಡಗಿನ ಹೆಂಗಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆ ಅವಳ ಸಾಮ್ರಾಜ್ಯ. ಕೆನೆ ತುಂಬಿದ ಅವಳ ಸ್ಪಾಂಜ್ ಕೇಕಿಗಾಗಿಯೇ ಸೋಲುವುದು ಖಚಿತವಾದ ಪಂದ್ಯಗಳಿಗೂ ಜನ ಬರುತ್ತಿದ್ದರು. ಊರಿನ ಬಗ್ಗೆ, ಪಾದ್ರಿಯ ಬಗ್ಗೆ, ತನ್ನ ಮಂಡಿನೋವಿನ ಬಗ್ಗೆ ಅವಳು ಯಾರ ಮುಂದೆ ಬೇಕಾದರೂ ಮಾತಾಡಿಯಾಳು. ಒಂದು ವಿಷಯ ಮಾತ್ರ ಆ ಮನೆಯಲ್ಲಿ ಯಾರ ಬಾಯಿಂದಲೂ ಬರುವಂತಿರಲಿಲ್ಲ: ಅವಳ ತೂಕ. ಸ್ನಾನದಮನೆಯ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ತೂಕ ನೋಡಿಕೊಳ್ಳುತ್ತಿದ್ದಳು, ಯಂತ್ರದ ಮುಳ್ಳು ಸದ್ದು ಮಾಡಿ ಹೇಳಿಬಿಡುತ್ತದೋ ಎಂಬಂತೆ. ಒಮ್ಮೆ ಡಾಕ್ಟರೊಬ್ಬರು ಆ ಅಂಕಿಯನ್ನು ನರ್ಸಿಗೆ ಕೇಳುವಂತೆ ಓದಿದರೆಂದು ಡಾಕ್ಟರನ್ನೇ ಬದಲಾಯಿಸಿದ್ದಳು.

ವಯಸ್ಸಾದ ಮೇಲೆ, ಅಂಗಡಿಯನ್ನು ಕೊಳ್ಳುವವರು ಸಿಗದೆ ಲೈಲ್ ಅದನ್ನು ಮುಚ್ಚಿ ಮನೆಯಲ್ಲಿ ಕೂತ. ಕೂತದ್ದೇ ತಡ, ಗ್ಲೆನಿಸಳ ಕಷ್ಟ ಶುರುವಾಯಿತು. ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಏನು ತಿನ್ನಬೇಕೆಂದು ಹೇಳಿ ಅಭ್ಯಾಸವಾಗಿದ್ದ ಬಾಯಿ ಈಗ ಅವಳ ಅಡುಗೆಮನೆಗೆ ಬಂದು ನಿಂತಿತು. ಫ್ರಿಜ್ಜಿನ ತಟ್ಟೆಗಳನ್ನು ಅವನ ಕ್ರಮದಲ್ಲಿ ಜೋಡಿಸಿದ. ಸೊಪ್ಪಿನ ಕಟ್ಟನ್ನೂ ದಾರ ಸುತ್ತಿ, ಅಂಗಡಿಯ ಗಂಟು ಹಾಕಿ ಇಟ್ಟ.

"ಇವನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗ್ದಿದ್ರೆ ನಾನೇ ಎಲ್ಲಿಗಾದ್ರೂ ಹೋಗ್ತೀನಿ" ಎಂದು ಅವಳು ಅಕ್ಕ ಏವಿಸ್‌ಗೆ ಫೋನಿನಲ್ಲಿ ಹೇಳಿದಳು.

ಏವಿಸ್ ಇದ್ದದ್ದು ಪಕ್ಕದ ನಿಲ್ ಊರಿನಲ್ಲಿ. ಗಂಡ ತೀರಿಕೊಂಡ ಮೇಲೆ ಅವನ ಕ್ಯಾರವಾನು, ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ, ಶೆಡ್ಡಿನಲ್ಲಿ ಹಾಗೇ ನಿಂತಿತ್ತು. "ನನ್ನ ಗಂಡನ ಗಾಡಿ ಇದೆಯಲ್ಲ, ತಗೊಂಡ್ಹೋಗು. ಇಲ್ಲಾಂದ್ರೆ ಕೋಳಿ ಬಿಡ್ತೀನಿ ಅದರೊಳಗೆ" ಎಂದಳು.

ಹೀಗೆ ಬಿಟ್ಟಿಯಾಗಿ ಬಂದ ಕ್ಯಾರವಾನು ಚಿಕ್ಕದೇನಲ್ಲ. ನಾಲ್ಕು ಚಕ್ರ, ಒಳಗೆ ಡಬಲ್ ಹಾಸಿಗೆ, ಒಲೆ, ಶವರು, ಕಿಟಕಿಗೆ ಹೂವಿನ ಪರದೆ. ಅದನ್ನು ತರಲು ಇಬ್ಬರೂ ಅಂಗಡಿಯ ಹಳೆಯ ಡೆಲಿವರಿ ವ್ಯಾನಿನಲ್ಲಿ ಹೋದರು. ವ್ಯಾನಿನ ಎರಡು ಮಗ್ಗುಲಲ್ಲೂ ಟೊಪ್ಪಿ ಹಾಕಿಕೊಂಡು ನಗುವ ಹಂದಿಯ ಚಿತ್ರವಿತ್ತು. ಕ್ಯಾರವಾನಿನ ಮೂತಿಯನ್ನು ವ್ಯಾನಿನ ಹಿಂದಿನ ಕೊಕ್ಕೆಯ ಮೇಲೆ ಇಳಿಸಿದ್ದೇ, ವ್ಯಾನಿನ ಹಿಂಭಾಗ ನೆಲಕ್ಕೆ ಕುಸಿದು, ಮುಂಭಾಗ ಬಿಸ್ಕತ್ತು ಕೇಳುವ ನಾಯಿಯ ಹಾಗೆ ಮೇಲಕ್ಕೆದ್ದಿತು. ಹಂದಿ ಆಕಾಶ ನೋಡಿ ನಗತೊಡಗಿತು.

"ಇದು ಆಗೋ ಮಾತಲ್ಲ" ಎಂದ ಲೈಲ್.

"ನಿನ್ನ ಕಣ್ಣಿಗೆ ಇದು ಮೊದಲೇ ಕಾಣ್ಲಿಲ್ವಾ?"

"ಕಂಡಿತ್ತು. ನಿನ್ನಕ್ಕ ಸುಮ್ನೆ ಬೇಜಾರು ಮಾಡ್ಕೋತಾಳೆ ಅಂತ ಪ್ರಯತ್ನ ಮಾಡ್ದೆ."

ಕ್ಯಾರವಾನನ್ನು ನೆರೆಯ ರೈತನೊಬ್ಬ ಟ್ರ್ಯಾಕ್ಟರಿನಲ್ಲಿ ಎಳೆದು ತಂದು ಅಂಗಳದಲ್ಲಿ ಬಿಟ್ಟ. ಅಂದಿನಿಂದ ಲೈಲನ ಜೀವನದಲ್ಲಿ ಒಂದೇ ಪ್ರಶ್ನೆ ಉಳಿಯಿತು: ಯಾವ ಯೂಟ್ ಕೊಳ್ಳುವುದು? ಯೂಟ್ ಎಂದರೆ ಆ ಕಡೆಯವರ ಪಿಕಪ್ ಗಾಡಿ: ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ, ಡೀಸೆಲ್ ಎಂಜಿನ್ನು. ಇಷ್ಟರವರೆಗೆ ಊರಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಇಲ್ಲಿಂದ ಮುಂದೆ ಊರು ಎರಡು ಪಂಗಡವಾಗಿತ್ತು. ಪಬ್ಬಿನ ಕಿಟಕಿಯ ಪಕ್ಕ ಕೂರುವವರು ಒಂದು ಕಂಪನಿಯ ಭಕ್ತರು, ಒಲೆಯ ಪಕ್ಕ ಕೂರುವವರು ಇನ್ನೊಂದರವರು. ಕಿಟಕಿಯವರ ಮಗಳನ್ನು ಒಲೆಯವರು ಸೊಸೆ ಮಾಡಿಕೊಂಡಾರು, ಆದರೆ ಅವಳು ತವರಿನಿಂದ ಆ ಯೂಟನ್ನು ತಂದರೆ ಶೆಡ್ಡಿನೊಳಗೆ ಬಿಟ್ಟುಕೊಳ್ಳರು. ಲೈಲ್ ನಡುವಿನ ಸ್ಟೂಲಿನ ಮೇಲೆ ಕೂತು ಎರಡೂ ಕಡೆಯ ಬಿಯರ್ ಕುಡಿದು, ಎರಡೂ ಕಡೆಯ ಮಾತು ಕೇಳಿ, ಎರಡೂ ಕಡೆಗೆ ತಲೆಯಾಡಿಸಿ ಮನೆಗೆ ಬರುತ್ತಿದ್ದ.

"ಏನಾಯ್ತು?" ಎಂದು ಗ್ಲೆನಿಸ್ ಕೇಳಿದರೆ, "ಇನ್ನೂ ನೋಡ್ಬೇಕು" ಎನ್ನುತ್ತಿದ್ದ. ಮಳೆಗಾಲ ಕಳೆಯಿತು. ಕನೋಲಾ ಎಣ್ಣೆಕಾಳಿನ ಹೊಲಗಳು ಹೂಬಿಟ್ಟು ಹಳದಿಯಾದವು, ಮತ್ತೆ ಹಸಿರಾದವು. ಲೈಲ್ ಇನ್ನೂ ನೋಡುತ್ತಲೇ ಇದ್ದ.

ನೋಡುವುದೆಂದರೆ ಅವನ ಪ್ರಕಾರ ಅಡಿಯಿಂದ ನೋಡುವುದು. ಹಾರ್ಷಮ್ ಪೇಟೆಯ ಮೋಟಾರು ಅಂಗಡಿಗೆ ಹೋದ ಮೊದಲ ದಿನವೇ ಅವನು ಗಾಡಿಗಳ ಬಣ್ಣ, ಬಾಗಿಲು ಏನನ್ನೂ ಗಮನಿಸದೆ ಸೀದಾ ಅಂಗಾತ ಮಲಗಿ ಯೂಟಿನ ಕೆಳಗೆ ತೂರಿಕೊಂಡ. ಹೊರಗೆ ಎರಡು ಉದ್ದ ಕಾಲು ಮಾತ್ರ ಕಾಣುತ್ತಿದ್ದವು. ಮಾರಾಟದ ಡೇಮನ್, ಹೊಸ ಶೂ ಹಾಕಿಕೊಂಡಿದ್ದ ಮೂವತ್ತರ ಹುರುಪಿನ ಆಸಾಮಿ, ಆ ಕಾಲುಗಳ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತ.

"ಏನ್ ಹುಡುಕ್ತಿದೀರ, ಲೈಲ್?"

"ತೊಡೆ."

"ಏನು?"

"ಹಿಂದಿನ ತೊಡೆ. ಎಳೆಯೋದು ಅದೇ ತಾನೆ?"

"ಮುಂದಿನ ಗ್ರಿಲ್ ನೋಡಿ ಗುರೂ, ಈ ವರ್ಷದ ಹೊಸ ಡಿಸೈನು."

"ಮುಖ ತಗೊಂಡು ಏನ್ ಮಾಡ್ಲಿ? ಅದನ್ನ ಮದುವೆ ಆಗ್ಬೇಕಾ ನಾನು?"

ಅಷ್ಟರಲ್ಲಿ ಗ್ಲೆನಿಸ್ ಪಕ್ಕದಲ್ಲಿದ್ದ ಕಡುನೀಲಿ ಯೂಟನ್ನು ಹತ್ತಿ ಕೂತಾಗಿತ್ತು. ಮಿರಿಮಿರಿ ಮಿಂಚುವ ಗಾಡಿ. ಚರ್ಮದ ಸೀಟು, ಟೀವಿಯಷ್ಟು ದೊಡ್ಡ ಪರದೆ, ಎಲ್ಲೆಲ್ಲೂ ದೀಪ. ಯಾವುದೋ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು.

"ಲೈಲ್! ಸೀಟು ಬೆಚ್ಚಗಾಗ್ತಿದೆ ಕಣೋ! ಕೆಳಗಿಂದ!"

"ಇದು ಮೂರೂವರೆ ಟನ್ ಎಳೆಯುತ್ತೆ ಮೇಡಂ" ಎಂದ ಡೇಮನ್. "ನಿಮ್ಮ ಕ್ಯಾರವಾನು ಮೂರಕ್ಕಿಂತ ಕಡಿಮೆ. ಚಿಂತೆ ಬಿಡಿ."

"ಕೇಳಿಸ್ತಾ ಲೈಲ್? ಚಿಂತೆ ಬಿಡ್ಬೇಕಂತೆ. ನೀಲಿದೇ ತಗೊಳ್ಳೋಣ."

ಲೈಲ್ ನೀಲಿಯ ಕೆಳಗೂ ತೂರಿದ. ಹಿಂದೆ ಮೆತ್ತನೆಯ ಸುರುಳಿ ಸ್ಪ್ರಿಂಗು. ಎದ್ದು ಬಟ್ಟೆ ಕೊಡವಿಕೊಂಡು, ಅಂಗಳದ ಮೂಲೆಯಲ್ಲಿ ನಿಂತಿದ್ದ ಒಂದು ಬಿಳಿ ಯೂಟಿನ ಕಡೆ ನಡೆದ. ಅದು ಗಣಿಯವರು, ಹೊಲದವರು ಕೊಳ್ಳುವ ಮಾಲು. ನೆಲಕ್ಕೆ ರಬ್ಬರು, ಸೀಟಿಗೆ ಒರಟು ಬಟ್ಟೆ. ಆದರೆ ಹಿಂದಿನ ಅಚ್ಚಿನ ಮೇಲೆ ಲಾರಿಗಿರುವಂಥ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕೂತಿದ್ದವು. ಲೈಲ್ ಅವುಗಳನ್ನು ಸವರಿ ನೋಡಿದ. ಮನಸ್ಸಿನಲ್ಲಿ ಗಾಡಿ ನಿಶ್ಚಯವಾಯಿತು. ಹೇಳುವ ಧೈರ್ಯ ಮಾತ್ರ ಆಗಲಿಲ್ಲ. ಗ್ಲೆನಿಸ್ ಇನ್ನೂ ನೀಲಿಯಲ್ಲಿ ಕಣ್ಣು ಮುಚ್ಚಿಕೊಂಡು ಬೆಚ್ಚಗೆ ಕೂತಿದ್ದಳು.

ಆ ಭಾನುವಾರ ಪಕ್ಕದ ಮನೆಯ ಬೆವ್ ಬೇಲಿಯ ಮೇಲೆ ಮೊಣಕೈ ಊರಿಕೊಂಡು ವಿಚಾರಿಸಿದಳು. ಬೆವ್ ಗೋಧಿ ಕಣಜದ ಹತ್ತಿರದ ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗುವ ಕೆಲಸದವಳು. ರಜೆಯಲ್ಲಿ ಗಂಡನ ಜೊತೆ ಕ್ಯಾರವಾನು ಕಟ್ಟಿಕೊಂಡು ದೇಶವೆಲ್ಲ ಸುತ್ತಿದವಳು. ಗ್ಲೆನಿಸ್ ಬಟ್ಟೆ ಒಣಹಾಕುತ್ತಿದ್ದಳು, ಲೈಲ್ ಪಕ್ಕದಲ್ಲಿ ಕ್ಲಿಪ್ಪು ಹಿಡಿದು ನಿಂತಿದ್ದ.

"ಮೂರೂವರೆ ಟನ್ ಎಳೆಯುತ್ತಂತೆ" ಎಂದು ಗ್ಲೆನಿಸ್ ಹೆಮ್ಮೆಯಿಂದ ಹೇಳಿದಳು.

"ಎಳೆಯುತ್ತೆ ಕಣೇ, ಯಾರು ಇಲ್ಲ ಅಂದ್ರು? ಎಳೆಯೋದು ಬೇರೆ, ಹೊರೋದು ಬೇರೆ" ಎಂದಳು ಬೆವ್. "ಕ್ಯಾರವಾನು ತನ್ನ ಮೂತಿನ ಯೂಟಿನ ಬಾಲದ ಮೇಲೆ ಇಟ್ಕೊಂಡು ಕೂರುತ್ತಲ್ಲ, ಆ ಭಾರವೂ ಯೂಟು ಹೊತ್ತ ಹಾಗೇ ಲೆಕ್ಕ. ಮುಂದೆ ಕಾಂಗರೂ ಗುದ್ದದ ಹಾಗೆ ಕಬ್ಬಿಣದ ಕಂಬಿ ಹಾಕಿಸ್ತೀರಿ, ಅದೊಂದು. ಹಿಂದಿನ ತೊಟ್ಟಿಗೆ ಮುಚ್ಚಳ, ಅದೊಂದು. ಟ್ಯಾಂಕ್ ತುಂಬ ಡೀಸೆಲ್, ಫ್ರಿಜ್ಜು, ಹತಾರ. ಆ ಥಳಕಿನ ಗಾಡಿಗಳು ಅವುಗಳ ಥಳಕನ್ನ ಹೊತ್ಕೊಂಡೇ ಅರ್ಧ ಸುಸ್ತಾಗಿರ್ತವೆ. ಕೊನೇಲಿ ನೀವಿಬ್ರು ಹತ್ತಬೇಕಲ್ಲ? ಎಷ್ಟೋ ಜನ ಎಲ್ಲಾ ತುಂಬಿ ಆದ್ಮೇಲೆ ನೋಡಿದ್ರೆ ಹೆಂಡ್ತಿಗೆ ಜಾಗ ಇದೆ, ತೂಕ ಇಲ್ಲ. ಲೈಲ್‌ನ ಬಿಡು, ಅವನು ಗಾಳಿಪಟ. ನಿಂದೆಷ್ಟು ಗ್ಲೆನ್?"

ಗ್ಲೆನಿಸ್ ಆಗತಾನೆ ಹರವಿದ್ದ, ನೀರು ತೊಟ್ಟಿಕ್ಕುತ್ತಿದ್ದ ಬಟ್ಟೆಗಳನ್ನು ಒಂದೊಂದಾಗಿ ಹಗ್ಗದಿಂದ ತೆಗೆದು ಬುಟ್ಟಿಗೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾನೇನಂದೆ ಈಗ?" ಎಂದಳು ಬೆವ್.

"ಏನೂ ಇಲ್ಲ" ಎಂದ ಲೈಲ್. "ಹವೆ ಸರಿಯಿಲ್ಲ." ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ.

ಮುಂದಿನ ವಾರ ಮತ್ತೆ ಹಾರ್ಷಮ್‌ಗೆ ಹೋದರು. ನೀಲಿ ಯೂಟಿಗೆ ಸಹಿ ಹಾಕುವುದೇ ಬಾಕಿ ಎಂದು ಗ್ಲೆನಿಸ್ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದಳು. ಲೈಲ್ ಮಾತ್ರ, "ಸ್ವಲ್ಪ ಹೊರೆ ಲೆಕ್ಕ ಹಾಕಪ್ಪ" ಎಂದು ಡೇಮನ್‌ಗೆ ಹೇಳಿದ. ಡೇಮನ್ ಕಂಪ್ಯೂಟರಿನ ಮುಂದೆ ಕೂತು ಕಂಬಿ, ಮುಚ್ಚಳ, ಡೀಸೆಲ್ಲು, ಕ್ಯಾರವಾನಿನ ಮೂತಿ ಎಲ್ಲವನ್ನೂ ಹಾಕಿ, "ಈಗ ಪ್ರಯಾಣಿಕರು" ಎಂದು ಬಹಳ ಮರ್ಯಾದೆಯಿಂದ ತಲೆಯೆತ್ತಿದ. "ಮೇಡಂ, ತಪ್ಪು ತಿಳ್ಕೋಬೇಡಿ…"

ಗ್ಲೆನಿಸ್ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಒಂದು ಸಂಖ್ಯೆ ಹೇಳಿದಳು. ಅದನ್ನು ಸುಳ್ಳೆನ್ನಲಾಗದು. ಹಳೆಯದು, ಅಷ್ಟೆ. ಮದುವೆಯ ಗೌನು ಹೊಲಿಸಿದ ಕಾಲದ್ದು.

ಡೇಮನ್ ಒಳ್ಳೆಯ ಮನೆತನದ ಹುಡುಗ. ಮುಖದ ಒಂದು ಗೆರೆಯನ್ನೂ ಅಲುಗಿಸದೆ ಟೈಪ್ ಮಾಡಿದ. ಲೈಲ್ ಛಾವಣಿ ನೋಡಿದ. ಅವನ ತಲೆಯೊಳಗೆ ನಿಜವಾದ ಅಂಕಿ ಗಡಿಯಾರದ ಮುಳ್ಳಿನ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಬಾಯಿ ಬಿಟ್ಟರೆ ಸಂಸಾರ ಮುಗಿಯುತ್ತದೆ. ಬಿಡದಿದ್ದರೆ ಎಲ್ಲೋ ಕಾಡುದಾರಿಯಲ್ಲಿ ಹಿಂದಿನ ಅಚ್ಚು ಮುರಿಯುತ್ತದೆ, ಆಗಲೂ ಸಂಸಾರ ಮುಗಿಯುತ್ತದೆ.

"ಲೈಲ್, ನಿಮ್ಮದು?"

"ನೂರ ಮೂವತ್ತು" ಎಂದ ಲೈಲ್.

ಡೇಮನ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಪ್ಯಾಂಟು ಬೆಲ್ಟಿನ ಕೃಪೆಯಿಂದ ನಿಂತಿತ್ತು.

"ನೂರ… ಮೂವತ್ತು… ಕೆಜಿ?"

"ಎಲುಬು ಭಾರ" ಎಂದ ಲೈಲ್. "ನಮ್ಮ ವಂಶದಲ್ಲೇ ಹಾಗೆ. ಜರ್ಮನ್ ಎಲುಬು."

ಡೇಮನ್ ಅದನ್ನೂ ಟೈಪ್ ಮಾಡಿದ. ಪರದೆ ಕೆಂಪಗಾಯಿತು. ನೀಲಿ ಯೂಟಿಗೆ ಆ ಹೊರೆ ಆಗುವುದಿಲ್ಲ. ಬಿಳಿಯದಕ್ಕೆ ಹಾಕಿ ನೋಡಿದರೆ ಹಸಿರು.

"ಅಯ್ಯೋ ಪಾಪ" ಎಂದ ಲೈಲ್, ಸಾಧ್ಯವಾದಷ್ಟು ದುಃಖದಿಂದ.

ವಾಪಸು ಬರುವಾಗ, ಹಂದಿ ವ್ಯಾನು ಪಿಂಪಿನಿಯೋ ಹತ್ತಿರ ಬಂದಾಗ ಗ್ಲೆನಿಸ್ ಮುಂದಿನ ಗಾಜನ್ನೇ ನೋಡುತ್ತ ಕೇಳಿದಳು.

"ನೂರ ಮೂವತ್ತಾ?"

"ಎಲುಬು—"

"ನಿನ್ನ ಎಲುಬಿಗಿಷ್ಟು ಬೆಂಕಿ ಹಾಕ. ನಂದು ನಿನಗೆ ಗೊತ್ತು. ಅಲ್ವಾ?"

ಲೈಲ್ ಗೇರು ಬದಲಾಯಿಸಿದ. ಬದಲಾಯಿಸುವ ಅಗತ್ಯವೇನೂ ಇರಲಿಲ್ಲ.

"ಯಾವಾಗಿಂದ ಗೊತ್ತು?"

"ಮೊದ್ಲಿಂದ."

"ಮೊದ್ಲಿಂದ ಅಂದ್ರೆ?"

"ಜೆಪರಿಟ್ ಊರಿನ ಡ್ಯಾನ್ಸಿಗೆ ನೀನು ಆ ಹಸಿರು ಫ್ರಾಕ್ ಹಾಕ್ಕೊಂಡು ಬಾಗ್ಲಲ್ಲಿ ಬಂದು ನಿಂತಾಗಿಂದ. ನಾನು ಬೇಕೂಂತ ಮಾಡಲ್ಲ ಗ್ಲೆನ್. ಕಣ್ಣು ತಾನಾಗೇ ತೂಗಿಬಿಡುತ್ತೆ."

"ಆಮೇಲೆ? ಪ್ರತಿ ವರ್ಷ ತೂಗಿದ್ಯಾ?"

"ದಿನಾ ಬೆಳಗ್ಗೆ" ಎಂದ ಲೈಲ್. ಸುಳ್ಳು ಹೇಳುವ ಅಂದಿನ ಶಕ್ತಿಯೆಲ್ಲ ಮೋಟಾರು ಅಂಗಡಿಯಲ್ಲೇ ಖರ್ಚಾಗಿಹೋಗಿತ್ತು.

"ಗಾಡಿ ನಿಲ್ಸು."

ಇಳಿದವಳೇ ಕೈಚೀಲ ಹೆಗಲಿಗೆ ಹಾಕಿಕೊಂಡು ಡಿಂಬೂಲದ ಕಡೆ ನಡೆದಳು. ಒಂದು ಕಡೆ ಗೋಧಿ ಹೊಲ, ಒಂದು ಕಡೆ ಹೆದ್ದಾರಿ. ಲೈಲ್ ಮಣ್ಣಿನಂಚಿನಲ್ಲಿ ಅವಳ ಪಕ್ಕಕ್ಕೇ ನಡಿಗೆಯ ವೇಗದಲ್ಲಿ ವ್ಯಾನು ಬಿಟ್ಟುಕೊಂಡು ಬಂದ. ದುಂಡಗಿನ ಹೆಂಗಸೊಬ್ಬಳು ಸಿಟ್ಟಿನಿಂದ ನಡೆಯುವುದು, ಪಕ್ಕದಲ್ಲಿ ಟೊಪ್ಪಿ ಹಾಕಿದ ಹಂದಿ ನಗುತ್ತ ಹಿಂಬಾಲಿಸುವುದು. ಇದನ್ನು ಕಂಡ ಲಾರಿಯವರು ಹಾರ್ನ್ ಹೊಡೆದು ಹುರಿದುಂಬಿಸಿ ಹೋದರು.

"ಗ್ಲೆನ್, ಹತ್ತು ಮಾರಾಯ್ತಿ. ಮಂಡಿ ನೋಯುತ್ತೆ."

"ನೋಯ್ಲಿ. ನಾಲ್ಕು ಗ್ರಾಂ ಇಳಿಯುತ್ತೆ. ನೋಡಿ ಹೇಳು."

ಸ್ವಲ್ಪ ದೂರ ಹೋಗಿ ಅವಳೇ ನಿಂತಳು. ಕಿಟಕಿಯೊಳಗೆ ತಲೆ ತೂರಿಸಿ ಕೇಳಿದಳು. "ಇಷ್ಟು ವರ್ಷ ಗೊತ್ತಿದ್ದೂ ಒಂದ್ಸಲನೂ ಬಾಯಿ ಬಿಡ್ಲಿಲ್ವಲ್ಲ, ಯಾಕೆ? ಜಗಳ ಆಡ್ದಾಗಲೂ ಅನ್ಲಿಲ್ಲ. ನಾನಾಗಿದ್ರೆ ಅಂದುಬಿಡ್ತಿದ್ದೆ."

ಲೈಲ್ ಯೋಚಿಸಿದ. ಅವನಿಗೆ ಇದು ಯೋಚಿಸುವಂಥ ಪ್ರಶ್ನೆಯೆಂದೇ ಯಾವತ್ತೂ ಅನ್ನಿಸಿರಲಿಲ್ಲ. "ತೂಕ ಹೇಳೋದು ಮಾರೋದಕ್ಕೆ ಕಣೇ" ಎಂದ. "ನಿನ್ನ ಯಾರಿಗೆ ಮಾರ್ಲಿ?"

ಗ್ಲೆನಿಸ್ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ತುಂಬ ಪ್ರಯತ್ನಪಟ್ಟಳು. ಮೊದಲು ಗಲ್ಲ ಅದುರಿತು, ಆಮೇಲೆ ಭುಜ. ಕೊನೆಗೆ ವ್ಯಾನಿನ ಬಾಗಿಲು ಹಿಡಿದುಕೊಂಡು, ಹೊಲದಲ್ಲಿದ್ದ ಗುಲಾಬಿ ಗಿಳಿಗಳೆಲ್ಲ ಎದ್ದು ಹಾರುವ ಹಾಗೆ ನಕ್ಕಳು. ಕಣ್ಣೊರೆಸಿಕೊಂಡು ಹತ್ತಿ ಕೂತು, "ನಕ್ಕೆ ಅಂದ್ರೆ ಬಿಟ್ಟೆ ಅಂತಲ್ಲ" ಎಂದಳು. ನಿಜ, ಬಿಡಲಿಲ್ಲ. ಆ ವಾರವೆಲ್ಲ ಅವನ ತಟ್ಟೆಗೆ ಎಲೆಕೋಸು, ಬೇಯಿಸಿದ ಬೀಟ್‌ರೂಟು. "ನೂರ ಮೂವತ್ತು ಕೆಜಿ ಅಲ್ವಾ, ಸ್ವಲ್ಪ ಇಳಿಸ್ಬೇಕು" ಎನ್ನುತ್ತಿದ್ದಳು.

ಬಿಳಿ ಯೂಟು ಮನೆಗೆ ಬಂತು. ಬಿಸಿ ಸೀಟಿಲ್ಲದ ಕೊರತೆಗೆ ಲೈಲ್ ದಪ್ಪ ಉಣ್ಣೆಯ ಎರಡು ಕುರಿ ಚರ್ಮ ತಂದು, ತಾನೇ ಹೊಲಿದು, ಅವಳ ಸೀಟಿಗೆ ಹೊದಿಸಿದ. ಅವಳು ಕೂತು ನೋಡಿದಳು. ಒಂದಿಷ್ಟು ಅತ್ತಿತ್ತ ಸರಿದಳು. "ಪರ್ವಾಗಿಲ್ಲ" ಎಂದಳು. ರಾತ್ರಿ ಊಟಕ್ಕೆ ಕುರಿಯ ಚಾಪ್ಸ್ ಬಂತು.

ಹೊರಡುವ ಮುಂಚೆ ಎಲ್ಲ ತುಂಬಿಕೊಂಡು ಬೆವ್‌ಳ ವೇಬ್ರಿಡ್ಜಿಗೆ ಹೋದರು. ಸುಗ್ಗಿಯ ಕೊನೆಯ ಲಾರಿಗಳು ಸಾಲಾಗಿ ನಿಂತಿದ್ದವು. ಯೂಟು ಮತ್ತು ಕ್ಯಾರವಾನು ತಟ್ಟೆಯ ಮೇಲೆ ನಿಂತಾಗ ಬೆವ್ ಕಿಟಕಿಯಿಂದ ತಲೆ ಹೊರಹಾಕಿ, ಹಿಂದಿನ ಲಾರಿಯವರಿಗೂ ಕೇಳುವಂತೆ ಕೂಗಿದಳು.

"ಕ್ಯಾರವಾನು ಜಾಸ್ತಿ ಆಯ್ತು! ಸುಮಾರು ಜಾಸ್ತಿ! ಏನ್ ತುಂಬಿದೀರ?"

ಗ್ಲೆನಿಸ್ ಯೂಟಿನಿಂದ ಜಿಗಿದಳು. "ನಾನು ಯೂಟಲ್ಲಿದ್ದೆ! ಎಲ್ಲರೂ ನೋಡ್ಕೊಳ್ಳಿ, ನಾನು ಯೂಟಲ್ಲಿದ್ದೆ! ಕ್ಯಾರವಾನಿಗೂ ನನಗೂ ಸಂಬಂಧ ಇಲ್ಲ!"

ಲಾರಿಯವರು ಇಳಿದು ಬಂದರು. ಗ್ಲೆನಿಸ್ ಕ್ಯಾರವಾನಿನೊಳಗೆ ನುಗ್ಗಿ ಒಂದೊಂದೇ ಪೆಟ್ಟಿಗೆ ತೆರೆದು ನೋಡಿದಳು. ಪಾತ್ರೆ, ಹೊದಿಕೆ, ಅವಳ ಏಪ್ರಿಕಾಟ್ ಜಾಮಿನ ಬಾಟಲಿಗಳು. ಕೊನೆಗೆ ಹಾಸಿಗೆಯ ಹಲಗೆ ಎತ್ತಿದಳು. ಅಲ್ಲಿ, ಹಳೆಯ ಕಂಬಳಿ ಹೊದ್ದುಕೊಂಡು, ಅಂಗಡಿಯಲ್ಲಿ ಮೂರು ತಲೆಮಾರು ಮಾಂಸ ಕಡಿದ ಕೆಂಪು ನೀಲಗಿರಿ ಮರದ ಕೊರಡು ಮಲಗಿತ್ತು. ಜೊತೆಗೆ ಕೈಯಲ್ಲಿ ತಿರುಗಿಸುವ ಖೀಮಾ ಯಂತ್ರ, ಸಾಸೇಜ್ ತುಂಬುವ ಎರಕದ ಕೊಳವೆ, ಒಂದು ಗೊಂಚಲು ಕೊಕ್ಕೆ.

"ಲೈಲ್!"

ಲೈಲ್ ಮೆಟ್ಟಿಲ ಹತ್ತಿರ ಬಂದು ನಿಂತ.

"ಇದನ್ನ ಒಳಗೆ ಹೇಗೆ ತಂದೆ?"

"ಟ್ರ್ಯಾಕ್ಟರ್‌ನವನು ಸಹಾಯ ಮಾಡ್ದ. ನೀನು ಕ್ಲಬ್ಬಿಗೆ ಹೋಗಿದ್ದೆ."

"ಹೋರಿ ತೂಕ ಗೊತ್ತು, ಪಾದ್ರಿ ತೂಕ ಗೊತ್ತು, ಇದರ ತೂಕ ಗೊತ್ತಾಗ್ಲಿಲ್ವಾ ನಿನಗೆ?"

"ಗೊತ್ತಿತ್ತು" ಎಂದ ಲೈಲ್. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇದರ ಭಾರ ಯೂಟಿನ ಬಾಲದ ಮೇಲೂ ಬೀಳುತ್ತಲ್ಲ, ಅದಕ್ಕೇ ಆವತ್ತು ನಂದು ನೂರ ಮೂವತ್ತು ಅಂತ ಹೇಳಿದ್ದು."

ಗ್ಲೆನಿಸ್‌ಗೆ ಇದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ಆ ಸುಳ್ಳು ನನಗೋಸ್ಕರ ಹೇಳಿದ್ದಲ್ಲ? ಈ ಕೊರಡಿಗೋಸ್ಕರ?"

"ಅರ್ಧರ್ಧ" ಎಂದ ಲೈಲ್.

ಲಾರಿಯವರು ಬಿದ್ದು ಬಿದ್ದು ನಕ್ಕರು. ಅವರಲ್ಲೇ ನಾಲ್ಕು ಜನ ಸೇರಿ ಕೊರಡನ್ನು ಇಳಿಸಿ, ಉರುಳಿಸಿಕೊಂಡು ಹೋಗಿ ಬೆವ್‌ಳ ಕಚೇರಿಯ ಬಾಗಿಲ ಪಕ್ಕ ನಿಲ್ಲಿಸಿದರು. ಲೈಲ್ ಅದರ ಮೇಲ್ಮೈ ಮೇಲೆ ಅಂಗೈ ಇಟ್ಟುಕೊಂಡು ಒಂದು ಕ್ಷಣ ನಿಂತ. ಅಪ್ಪನ ಕತ್ತಿ ಬಿದ್ದ ಜಾಗ ಸವೆದು ಹಳ್ಳವಾಗಿತ್ತು. ಗ್ಲೆನಿಸ್ ಅದನ್ನು ನೋಡಿದಳು. ಒಳಗೆ ಹೋಗಿ ಖೀಮಾ ಯಂತ್ರವನ್ನು ತಾನೇ ಎತ್ತಿ ಮತ್ತೆ ಹಾಸಿಗೆಯಡಿ ಇಟ್ಟಳು. "ಇದೊಂದು ಇರ್ಲಿ. ಅದರ ಬದ್ಲು ಜಾಮ್ ಇಳಿಸು" ಎಂದಳು. ಬೆವ್‌ಗೆ ಆ ವರ್ಷ ಜಾಮಿನ ಕೊರತೆಯಾಗಲಿಲ್ಲ.

ಯೂಟು ನಿರಾಳವಾಗಿ ಎಳೆಯಿತು. ಬೆಟ್ಟ ಬಂದರೂ ಡೀಸೆಲ್ಲು ಗುರ್ ಎಂದು ಒಂದು ಸಲ ಉಸಿರೆಳೆದುಕೊಂಡು ಹತ್ತಿಬಿಡುತ್ತಿತ್ತು. ಅಡಿಲೇಡ್ ದಾಟಿ, ಕೊಲ್ಲಿ ಸುತ್ತಿ, ಕೆಲವು ದಿನಕ್ಕೆ ಸ್ಟ್ರೀಕಿ ಬೇ ಎಂಬ ಕಡಲೂರು ಸೇರಿದರು. ಸಂಜೆ ಹೊತ್ತು. ಕ್ಯಾರವಾನುಗಳ ಮೈದಾನದಲ್ಲಿ ಎಲ್ಲರೂ ಮಡಚುಕುರ್ಚಿ ಹಾಕಿಕೊಂಡು, ಬಿಯರ್ ಹಿಡಿದು ಹೊರಗೇ ಕೂತಿದ್ದರು. ಹೊಸದಾಗಿ ಬಂದವರು ಗಾಡಿ ಹಿಂದಕ್ಕೆ ಬಿಡುವುದನ್ನು ನೋಡುವುದಕ್ಕಿಂತ ದೊಡ್ಡ ಮನರಂಜನೆ ಅಲ್ಲಿ ಇನ್ನೊಂದಿಲ್ಲ.

ಲೈಲ್ ತನ್ನ ಜನ್ಮದಲ್ಲಿ ಏನನ್ನೂ ಕಟ್ಟಿಕೊಂಡು ಹಿಂದಕ್ಕೆ ಬಿಟ್ಟವನಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನು ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿದರೆ ಎಲ್ಲಿಗೂ ಹೋಗದೆ ಮಡಚಿಕೊಳ್ಳುತ್ತಿತ್ತು. ಗ್ಲೆನಿಸ್ ಹಿಂದೆ ನಿಂತು ಎರಡೂ ಕೈ ಬೀಸಿದಳು.

"ಎಡಕ್ಕೆ! ಎಡಕ್ಕೆ! ನಿನ್ನ ಎಡ ಅಲ್ಲ, ಕ್ಯಾರವಾನಿನ ಎಡ!"

"ಕ್ಯಾರವಾನಿಗೆ ಎಡ ಎಲ್ಲಿದೆ?"

"ನಿಲ್ಸು! ನಿಲ್ಸೋ! ನಲ್ಲಿ!"

ನಲ್ಲಿ ಮುರಿದು ನೀರು ತಾಳೆಮರದಷ್ಟು ಎತ್ತರಕ್ಕೆ ಚಿಮ್ಮಿತು. ಕುರ್ಚಿಗಳಿಂದ ಚಪ್ಪಾಳೆ ಬಿತ್ತು. ಮೈದಾನದ ಯಜಮಾನ ಸ್ಪ್ಯಾನರ್ ಹಿಡಿದುಕೊಂಡು ಓಡಿ ಬಂದ. ತೊಪ್ಪೆಯಾದ ಗ್ಲೆನಿಸ್ ಯೂಟಿನ ಬಾಗಿಲು ತೆರೆದಳು.

"ಇಳಿ."

"ಗ್ಲೆನ್, ನನಗೇ ಆಗ್ಲಿಲ್ಲ—"

"ಇಳೀ ಅಂದೆ."

ಹತ್ತಿ ಕೂತು, ಕನ್ನಡಿ ಸರಿಮಾಡಿಕೊಂಡು, ಒಂದಿಷ್ಟು ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಂಡಳು. ಆಮೇಲೆ ಒಂದೇ ಕೈ ಚಕ್ರದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಒದ್ದೆ ಕೂದಲು ಹಿಂಡಿಕೊಳ್ಳುತ್ತ, ಎರಡು ಕ್ಯಾರವಾನುಗಳ ನಡುವಿನ ಇಕ್ಕಟ್ಟಿಗೆ ಡ್ರಾಯರ್ ಮುಚ್ಚಿದ ಹಾಗೆ ತೂರಿಸಿ ನಿಲ್ಲಿಸಿದಳು. ಈ ಸಲ ಚಪ್ಪಾಳೆ ಬೀಳಲಿಲ್ಲ. ಕುರ್ಚಿಯವರು ನಿರಾಶೆಯಿಂದ ಬಿಯರ್ ಕುಡಿದರು.

"ಇದನ್ನ ಎಲ್ಲಿ ಕಲ್ತೆ?" ಎಂದ ಲೈಲ್.

"ಗೋಧಿ ಬೆಳೆಯೋರ ಮನೆ ಹುಡುಗಿ ನಾನು. ಸುಗ್ಗೀಲಿ ಅಪ್ಪನ ಟ್ರೈಲರ್‌ಗಳನ್ನ ಕಣಜಕ್ಕೆ ಹಿಂದೆ ಬಿಡ್ತಾ ಇದ್ದವಳು ಯಾರು ಅನ್ಕೊಂಡೆ, ಏವಿಸ್ಸಾ? ಅವಳು ಉಗುರಿಗೆ ಬಣ್ಣ ಹಚ್ಕೋತಾ ಇದ್ಳು."

"ಇಷ್ಟು ವರ್ಷ ಹೇಳೇ ಇಲ್ವಲ್ಲ!"

"ಏನಂತ ಹೇಳ್ಲಿ? ನಮ್ಮನೇಲಿ ಹಿಂದಕ್ಕೆ ಬಿಡೋದಕ್ಕೆ ಇದ್ದಿದ್ದು ಆ ಹಂದಿ ವ್ಯಾನ್ ಒಂದೇ."

ಮಾರನೆಯ ದಿನ ಲೈಲ್ ಯಜಮಾನನ ಜೊತೆ ಸೇರಿ ನಲ್ಲಿಗೆ ಹೊಸ ಕೊಳವೆ ಹಾಕಿಕೊಟ್ಟ. ಮೀನು ಹಿಡಿಯಲು ಹೋದವರು ತಂದ ಮೀನನ್ನು ಅವನ ಕತ್ತಿಗೆ ಕೊಟ್ಟು ಹೋಗತೊಡಗಿದರು. ಮೀನಿನ ಮೈ ಬೇರೆ, ಮುಳ್ಳು ಬೇರೆ ಮಾಡುವುದನ್ನು ಅವನು ಅಲ್ಲಿಯೇ, ಒಬ್ಬ ಮುದಿ ಮೀನುಗಾರ್ತಿಯಿಂದ ಬೈಸಿಕೊಂಡು ಕಲಿತ. ನಾಲ್ಕು ದಿನವೆಂದು ಬಂದವರು ಚಳಿ ಬೀಳುವ ತನಕ ಉಳಿದರು. ಚಾಲಕಿಯ ಸೀಟು ಗ್ಲೆನಿಸಳದಾಯಿತು. ಕುರಿ ಚರ್ಮವೂ ಅವಳ ಜೊತೆ ಬಲಗಡೆಗೆ ಬಂತು.

ಕೊನೆಗೊಂದು ಬೆಳಗ್ಗೆ ಮನೆಗೆಂದು ಗಾಡಿ ಕಟ್ಟಿದರು. ಲೈಲ್ ಸೀಟು ಹಿಂದಕ್ಕೆ ಬಾಗಿಸಿ, ಉದ್ದ ಕಾಲು ಚಾಚಿ, ಟೊಪ್ಪಿ ಮುಖಕ್ಕೆ ಮುಚ್ಚಿಕೊಂಡು ನಿದ್ದೆ ಹೋದ. ಪೂಚೆರಾದ ಹತ್ತಿರ ಹೆದ್ದಾರಿ ಸಿಗುತ್ತದೆ. ಬಲಕ್ಕೆ ತಿರುಗಿದರೆ ಡಿಂಬೂಲ, ಕ್ಲಬ್ಬು, ಫ್ರಿಜ್ಜಿನ ತಟ್ಟೆಗಳು. ಎಡಕ್ಕೆ ತಿರುಗಿದರೆ ಮರವಿಲ್ಲದ ಬಯಲು, ಅದರಾಚೆ ಇನ್ನೊಂದು ಕಡಲು. ಗ್ಲೆನಿಸ್ ಗಾಡಿ ನಿಲ್ಲಿಸಿ ಎರಡೂ ಕಡೆ ನೋಡಿದಳು. ರಸ್ತೆ ಖಾಲಿಯಿತ್ತು.

ಎಷ್ಟೋ ದೂರ ಹೋದ ಮೇಲೆ ಲೈಲ್ ಎಚ್ಚರಗೊಂಡ. ಬೆಳಗಿನ ಸೂರ್ಯ ಎದುರಿಗಿರಬೇಕಾಗಿತ್ತು. ನೋಡಿದರೆ ಕನ್ನಡಿಯಲ್ಲಿ, ಕ್ಯಾರವಾನಿನ ಪಕ್ಕದಿಂದ ಹೊಳೆಯುತ್ತಿತ್ತು.

"ಗ್ಲೆನ್" ಎಂದ ಅವನು, "ಮನೆ ಆ ಕಡೆ."

"ಗೊತ್ತು" ಎಂದಳು ಗ್ಲೆನಿಸ್. "ಚೀಲದಲ್ಲಿ ಸ್ಯಾಂಡ್‌ವಿಚ್ ಇದೆ, ತೆಗಿ."